ವಿಮಾನ ಹತ್ತುವ ಮುಂಚೆ ಊರಿನ ಕಾಗದ ಮುಗಿಸಿ

(ವಿದೇಶಕ್ಕೆ ಕೆಲಸಕ್ಕೆ ಹೊರಟ ಹುಡುಗ ಹುಡುಗಿಯರು ಮತ್ತು ಅವರ ಮನೆಯವರಿಗಾಗಿ ವಿಜಯಪುರದಲ್ಲಿ ಮಾಡಿದ ಭಾಷಣದ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಹುಡುಗರು ಕೂತಿದ್ದೀರಿ, ಹಿಂದೆ ಅಪ್ಪ, ಅವ್ವ, ಅಣ್ಣಂದಿರು ಕೂತಿದ್ದಾರೆ. ನನ್ನ ಮಾತು ಹಿಂದೆ ಕೂತವರಿಗೇ ಜಾಸ್ತಿ. ಹೋಗುವವನು ವೀಸಾ, ಟಿಕೆಟ್, ಸಂಬಳ ಎಲ್ಲ ಹೇಗೋ ವಿಚಾರಿಸಿಕೊಂಡಿರುತ್ತಾನೆ. ಅವನು ಹೋದ ಮೇಲೆ ಇಲ್ಲಿ ಬ್ಯಾಂಕು, ಸೊಸೈಟಿ, ತಹಶೀಲ್ದಾರ್ ಕಚೇರಿ ಅಂತ ತಿರುಗಾಡುವವರು ನೀವು. ಬ್ಯಾಂಕಿನ ಕೌಂಟರಿನಲ್ಲಿ ಕೂತಷ್ಟು ದಿನ ನಾನು ನೋಡಿದ್ದು ಇದನ್ನೇ. ಅಲ್ಲಿ ಕೆಲಸ ಹೋಯಿತು ಅಂತ ಬಂದವರು ಕಡಿಮೆ. ಮಗ ಅಲ್ಲಿದ್ದಾನೆ, ಇಲ್ಲಿ ಅವನ ಸಹಿ ಬೇಕಂತೆ, ಏನು ಮಾಡೋಣ ಅಂತ ಬಂದವರೇ ಹೆಚ್ಚು.

ಸಹಿ ಮತ್ತು ಓಟಿಪಿ. ಈ ಎರಡೂ ಹುಡುಗನ ಜೊತೆಗೇ ವಿಮಾನ ಹತ್ತಿಬಿಡುತ್ತವೆ. ಅವನು ಇಲ್ಲದಾಗ ಮನೆಯ ಕೆಲಸ ನಿಲ್ಲಬಾರದು ಅಂದರೆ ಏನೇನು ಮಾಡಿಟ್ಟು ಹೋಗಬೇಕು, ಅದನ್ನೇ ಇವತ್ತು ಮಾತಾಡೋಣ.

ಮೊದಲು ಹೆಸರಿನ ವಿಷಯ. ನಮ್ಮ ಕಡೆ ಪೂರ್ತಿ ಹೆಸರು ಅಂದರೆ ಮೂರು ಭಾಗ: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಸುಮ್ನೆ ಒಂದು ಉದಾಹರಣೆ ತಗೊಳ್ಳಿ, ಮಲ್ಲಪ್ಪ ಬಸಪ್ಪ ಬಿರಾದಾರ. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು ಬಂದು ಬಿರಾದಾರ ಮಲ್ಲಪ್ಪ ಬಸಪ್ಪ ಆಗಿರುತ್ತಾನೆ. ಆಧಾರ್‌ನಲ್ಲಿ ಅಪ್ಪನ ಹೆಸರು ಬಿಟ್ಟು ಮಲ್ಲಪ್ಪ ಬಿರಾದಾರ. ಐಟಿಐ ಸರ್ಟಿಫಿಕೇಟಿನಲ್ಲಿ ಬರೀ ಮಲ್ಲಪ್ಪ ಬಿ. ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ. ಒಂದು ಕಡೆ ಕೊನೆಗೆ 'ಎ' ಇದೆ, ಇನ್ನೊಂದು ಕಡೆ ಇಲ್ಲ. ಊರಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ, ಎಲ್ಲರಿಗೂ ಅವನು ಗೊತ್ತು. ಆದರೆ ಯಾವುದೋ ದೇಶದ ಕಚೇರಿಯಲ್ಲಿ ಕೂತು ಈ ಕಾಗದಗಳನ್ನು ತಿರುವಿ ಹಾಕುವವನಿಗೆ ಇವರು ಮೂರು ಬೇರೆ ಬೇರೆ ಜನ.

ಇದಕ್ಕೆ ಒಂದು ಕ್ರಮ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ತಿದ್ದಿಸೋದು ಎಲ್ಲಕ್ಕಿಂತ ಕಷ್ಟ. ಹಾಗಾಗಿ ಅದನ್ನೇ ಬುನಾದಿ ಅಂತ ಇಟ್ಟುಕೊಂಡು ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯನ್ನು ಅದಕ್ಕೆ ಹೊಂದಿಸಿ. ಪಾಸ್‌ಪೋರ್ಟ್ ಅರ್ಜಿ ಆಮೇಲೆ. ಅರ್ಜಿಯಲ್ಲಿ ಹೆಸರಿಗೆ ಒಂದು ಜಾಗ, ಅಡ್ಡಹೆಸರಿಗೆ ಇನ್ನೊಂದು ಜಾಗ ಇರುತ್ತದೆ. ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಯುಎಇ 2022ರ ನವೆಂಬರ್‌ನಿಂದ ಭೇಟಿ ವೀಸಾ ವಿಷಯದಲ್ಲಿ ಬಿಗಿ ಮಾಡಿದೆ.

ಊರಿನ ಹೆಸರಿನ ಬಗ್ಗೆ ಮಾತ್ರ ಅಷ್ಟು ಗಾಬರಿ ಬೇಡ. ನಿಮ್ಮ ಜನನ ಪ್ರಮಾಣಪತ್ರದಲ್ಲಿ ಬಿಜಾಪುರ ಅಂತಲೇ ಇರುತ್ತದೆ, ವಿಜಯಪುರ ಆಗಿದ್ದು 2014ರ ನವೆಂಬರ್ 1ರಂದು. 1997ಕ್ಕೆ ಮುಂಚೆ ಹುಟ್ಟಿದ ಬಾಗಲಕೋಟೆಯವರಿಗೆ ಜಿಲ್ಲೆಯೇ ಬಿಜಾಪುರ. ಬೆಳಗಾವಿಯವರದೂ ಇದೇ ಕಥೆ. ಇದನ್ನು ತಿದ್ದಿಸಬೇಕು ಅಂತ ಜನ ತಿಂಗಳುಗಟ್ಟಲೆ ಓಡಾಡೋದನ್ನು ನೋಡಿದ್ದೇನೆ. ಸರ್ಕಾರವೇ ಬದಲಾಯಿಸಿದ ಹೆಸರು ಅದು, ನಿಮ್ಮ ತಪ್ಪಲ್ಲ. ಆ ಶಕ್ತಿಯನ್ನು ನಿಮ್ಮ ಹೆಸರು, ಹುಟ್ಟಿದ ದಿನಾಂಕದ ಮೇಲೆ ಹಾಕಿ.

ಇನ್ನು ಸರ್ಟಿಫಿಕೇಟುಗಳಿಗೆ ಮುದ್ರೆ ಹಾಕಿಸೋದು. ಇಲ್ಲಿನ ಡಿಗ್ರಿ, ಡಿಪ್ಲೊಮಾ ನಿಜವಾದದ್ದು ಅಂತ ಆ ದೇಶ ನಂಬಬೇಕಲ್ಲ, ಅದಕ್ಕೆ. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿತು. ಎದುರಿನ ದೇಶವೂ ಅದರಲ್ಲಿದ್ದರೆ ನಮ್ಮ ವಿದೇಶಾಂಗ ಸಚಿವಾಲಯದ ಒಂದು ಮುದ್ರೆಗೆ ಕೆಲಸ ಮುಗಿಯಿತು. ಸೌದಿ ಅರೇಬಿಯಾ 2022ರ ಡಿಸೆಂಬರ್‌ನಲ್ಲಿ, ಕೆನಡಾ 2024ರ ಜನವರಿಯಲ್ಲಿ ಈ ಪಟ್ಟಿಗೆ ಬಂದವು. ಯುಎಇ, ಕತಾರ್, ಕುವೈತ್‌ಗೆ ಹೋಗುವವರಿಗೆ ಮಾತ್ರ ಹಳೆಯ ದಾರಿಯೇ: ರಾಜ್ಯದ ಇಲಾಖೆ, ನಂತರ ವಿದೇಶಾಂಗ ಸಚಿವಾಲಯ, ಆಮೇಲೆ ಆ ದೇಶದ ದೂತಾವಾಸ. ನಿಮ್ಮ ಅಣ್ಣ ಐದು ವರ್ಷದ ಹಿಂದೆ ಸೌದಿಗೆ ಹೋದಾಗ ಮಾಡಿಸಿದ ಹಾಗೆ ಈಗಲೂ ಮಾಡಿಸಿಕೊಡ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಯೋಚನೆ ಮಾಡಿ. ಇಂಜಿನಿಯರಿಂಗ್ ಮುಗಿಸಿದವರು ಟ್ರಾನ್ಸ್‌ಕ್ರಿಪ್ಟ್ ಇಲ್ಲಿರುವಾಗಲೇ ತೆಗೆಸಿಕೊಳ್ಳಿ. ವಿಟಿಯು ಇರೋದು ಬೆಳಗಾವಿಯಲ್ಲೇ, ನಿಮಗೆ ಹತ್ತಿರ. ವಿದೇಶದಲ್ಲಿ ಕೂತು ತರಿಸೋದು ದೂರದ ಮಾತು.

ಏಜೆಂಟರ ವಿಷಯಕ್ಕೆ ಬರೋಣ. ವಲಸೆ ಕಾನೂನು 1983ರದ್ದು. ಅದರ ಪ್ರಕಾರ ನೋಂದಾಯಿಸಿಕೊಂಡ ಏಜೆಂಟ್ ಮಾತ್ರ ನಿಮ್ಮನ್ನು ವಿದೇಶಕ್ಕೆ ಕೆಲಸಕ್ಕೆ ಕಳಿಸಬಹುದು. ಅವನು ನಿಮ್ಮಿಂದ ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಒಟ್ಟು 35,400. ಅದಕ್ಕೆ ರಸೀದಿ ಕೊಡಲೇಬೇಕು. ಈ ಅಂಕಿ ಹೇಳಿದ ತಕ್ಷಣ ಸಭೆಯಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. ನಮ್ಮ ಕಡೆ ಒಂದೂವರೆ, ಎರಡು ಲಕ್ಷ ಕೇಳುವವರು ಇದ್ದಾರೆ ಅಂತ ನನಗೂ ಗೊತ್ತು.

ಆ ಎರಡು ಲಕ್ಷ ಎಲ್ಲಿಂದ ಬರುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡೋಣ. ಬ್ಯಾಂಕು ಕೊಡಲ್ಲ. ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತರುತ್ತೀರಿ. ತಿಂಗಳಿಗೆ 6,000 ರೂಪಾಯಿ ಬಡ್ಡಿ, ವರ್ಷಕ್ಕೆ 72,000. ಇದು ಬರೀ ಬಡ್ಡಿ, ಅಸಲು ಹಾಗೇ ಇರುತ್ತದೆ. ಹುಡುಗ ಹೋದ ಮೊದಲ ತಿಂಗಳು ಸಂಬಳ ಬರಲ್ಲ. ಅಲ್ಲಿ ವೈದ್ಯಕೀಯ ಪರೀಕ್ಷೆ, ಗುರುತಿನ ಚೀಟಿ, ಬ್ಯಾಂಕ್ ಖಾತೆ ಆಗಿ ಮೊದಲ ಸಂಬಳ ಕೈಗೆ ಬರುವ ಹೊತ್ತಿಗೆ ಇಲ್ಲಿ ಎರಡು ತಿಂಗಳ ಬಡ್ಡಿ ಏರಿರುತ್ತದೆ. ಅದಕ್ಕೇ ನಾನು ಹೇಳೋದು, ಸಾಲ ಮಾಡಿ ಹೋಗಲೇಬೇಕು ಅಂದರೆ ಕನಿಷ್ಠ ಮೂರು ತಿಂಗಳ ಬಡ್ಡಿ ಮತ್ತು ಮನೆ ಖರ್ಚು ಬೇರೆ ಎತ್ತಿಟ್ಟು ಹೋಗಿ. ಅಷ್ಟೂ ಆಗಲ್ಲ ಅಂದರೆ ಈ ಸಲ ಬೇಡ.

ಏಜೆಂಟ್ ನೋಂದಣಿ ಆಗಿದೆಯೋ ಇಲ್ಲವೋ ಅಂತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಫೋನಿನಲ್ಲೇ ಆಗುವ ಕೆಲಸ. ನಮ್ಮ ರಾಜ್ಯದಲ್ಲಿ ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ, ಅದೂ ಜನರನ್ನು ಕಳಿಸುತ್ತದೆ. ಅಲ್ಲಿ ಒಂದು ಸಲ ವಿಚಾರಿಸದೆ ಖಾಸಗಿಯವರ ಹತ್ತಿರ ಹೋಗಬೇಡಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ಪರಿಶೀಲನೆ ಬೇಕು ಅಂತ ಮುದ್ರೆ ಇರುತ್ತದೆ. ಅಂಥವರು ಕೊಲ್ಲಿ ದೇಶಗಳು, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಇದನ್ನು ತಪ್ಪಿಸೋದಕ್ಕೆ ವಿಸಿಟ್ ವೀಸಾದಲ್ಲಿ ಕಳಿಸ್ತೀನಿ, ಅಲ್ಲಿ ಹೋದ ಮೇಲೆ ಬದಲಾಯಿಸೋಣ ಅಂತಾರೆ. ಒಪ್ಪಬೇಡಿ. ಆ ಅನುಮತಿಯ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಬರುತ್ತದೆ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು, ತೆರಿಗೆ ಬೇರೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವಿಕಲತೆ ಆದರೆ 10 ಲಕ್ಷ. ಇಷ್ಟು ಕಡಿಮೆ ದುಡ್ಡಿಗೆ ಇಂಥ ವಿಮೆ ಊರಲ್ಲಿ ಸಿಗಲ್ಲ. ವಿಸಿಟ್ ವೀಸಾದಲ್ಲಿ ಹೋದವನಿಗೆ ಇದು ಯಾವುದೂ ಇಲ್ಲ.

ಕೆಲಸದ ಕರಾರುಪತ್ರದಲ್ಲಿ ಒಂದೇ ಒಂದು ಸಾಲು ನೋಡಿ ಅಂದರೆ ನಾನು ಬೇಸಿಕ್, ಅಂದರೆ ಮೂಲ ವೇತನ ಎಷ್ಟು ಅಂತ ನೋಡಿ ಅನ್ನುತ್ತೇನೆ. ಸಂಬಳ 1,500 ದಿರ್ಹಾಮ್ ಅಂತ ಬಾಯಲ್ಲಿ ಹೇಳ್ತಾರೆ. ಕಾಗದದಲ್ಲಿ ಬೇಸಿಕ್ 800, ಉಳಿದದ್ದು ಭತ್ಯೆ. ಯುಎಇಯಲ್ಲಿ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಯಿಟಿ, ಮೊದಲ ಐದು ವರ್ಷದವರೆಗೆ ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕ. 1,500 ಬೇಸಿಕ್ ಆಗಿದ್ದರೆ ವರ್ಷಕ್ಕೆ 1,050 ದಿರ್ಹಾಮ್. 800 ಆಗಿದ್ದರೆ 560. ಐದು ವರ್ಷ ದುಡಿದು ಬರುವವನಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ, ಅಲ್ವಾ?

ಈಗ ನನ್ನ ಸ್ವಂತ ಹೊಲಕ್ಕೆ, ಅಂದರೆ ಬ್ಯಾಂಕಿಗೆ ಬರ್ತೀನಿ. ಕೆಲಸಕ್ಕೆ ಅಂತ ದೇಶ ಬಿಟ್ಟ ದಿನದಿಂದಲೇ ವಿದೇಶಿ ವಿನಿಮಯ ಕಾನೂನಿನ ಕಣ್ಣಲ್ಲಿ ನೀವು ಅನಿವಾಸಿ. ಆಗ ಇಲ್ಲಿನ ಮಾಮೂಲಿ ಸೇವಿಂಗ್ಸ್ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಎನ್‌ಆರ್‌ಓ ಖಾತೆ ಮಾಡಿಸಬೇಕು. ಅಲ್ಲಿ ದುಡಿದದ್ದನ್ನು ಕಳಿಸಲು ಎನ್‌ಆರ್‌ಇ ಅಂತ ಇನ್ನೊಂದು ಖಾತೆ ತೆರೆಯಬೇಕು. ಎರಡು ಯಾಕೆ ಅಂತ ಕೇಳ್ತೀರಿ. ಅಲ್ಲಿನ ದುಡ್ಡು ಒಂದರಲ್ಲಿ, ಇಲ್ಲಿನ ದುಡ್ಡು ಇನ್ನೊಂದರಲ್ಲಿ, ಅಷ್ಟೇ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಆ ದುಡ್ಡನ್ನು ಯಾವಾಗ ಬೇಕಾದರೂ ವಾಪಸ್ ಒಯ್ಯಬಹುದು. ಎನ್‌ಆರ್‌ಓ ಬಡ್ಡಿಯಲ್ಲಿ ಬ್ಯಾಂಕು ಶೇಕಡಾ 30 ತೆರಿಗೆ, ಸೆಸ್ ಸೇರಿಸಿ ಹಿಡಿದುಕೊಂಡೇ ಕೊಡುತ್ತದೆ. ಒಟ್ಟು ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು.

ಮುಧೋಳ, ಜಮಖಂಡಿ ಕಡೆಯವರು ಇದ್ದೀರಿ ಅನಿಸುತ್ತದೆ. ಉತಾರ, ಅಂದರೆ ಹೊಲದ ಪಹಣಿ ಮಗನ ಹೆಸರಲ್ಲಿದೆ, ಕಬ್ಬಿನ ಬಿಲ್ಲು ಫ್ಯಾಕ್ಟರಿಯಿಂದ ಅವನ ಖಾತೆಗೇ ಬೀಳುತ್ತದೆ. ಅವನು ಮಸ್ಕತ್‌ಗೆ ಹೋಗಿದ್ದಾನೆ. ಆ ಬಿಲ್ಲು ಎನ್‌ಆರ್‌ಓ ಖಾತೆಗೆ ಬರಬೇಕು. ಖಾತೆ ನಂಬರ್ ಬದಲಾದರೆ ಫ್ಯಾಕ್ಟರಿಗೂ ತಿಳಿಸಬೇಕು, ಇಲ್ಲದಿದ್ದರೆ ಹಂಗಾಮಿನ ನಡುವೆ ಬಿಲ್ಲು ವಾಪಸ್ ಹೋಗುತ್ತದೆ. ಆಮೇಲೆ ಆ ದುಡ್ಡನ್ನು ಇಲ್ಲಿ ತೆಗೆಯೋದು ಯಾರು? ಅಪ್ಪ ತೆಗೆಯಬೇಕು ಅಂದರೆ ಬ್ಯಾಂಕಿನಲ್ಲಿ ಮುಂಚೆಯೇ ಅಧಿಕಾರ ಪತ್ರ ಕೊಟ್ಟಿರಬೇಕು. ಅಪ್ಪನ ಹೆಸರನ್ನು ಜಂಟಿಯಾಗಿ ಸೇರಿಸಿದ್ದೀನಿ, ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಎನ್‌ಆರ್‌ಇ ಖಾತೆಗೆ ಇಲ್ಲಿರುವ ಅಪ್ಪನನ್ನು ಸೇರಿಸಬಹುದು ನಿಜ. ಆದರೆ ಮಗ ಬದುಕಿರುವವರೆಗೆ ಅಪ್ಪ ಬರೀ ಜಂಟಿ ಹೆಸರಿನ ಬಲದ ಮೇಲೆ ದುಡ್ಡು ತೆಗೆಯುವಂತಿಲ್ಲ, ಅಧಿಕಾರ ಪತ್ರ ಇರಲೇಬೇಕು. ಈ ಒಂದು ಕಾಗದ ಇಲ್ಲದೆ ಆಸ್ಪತ್ರೆ ಖರ್ಚಿನ ಹೊತ್ತಲ್ಲಿ ಖಾತೆಯಲ್ಲಿ ದುಡ್ಡಿದ್ದೂ ಕೈಸಾಲಕ್ಕೆ ಓಡಿದವರಿದ್ದಾರೆ.

ನಾಮಿನಿ ಹಾಕಿ. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ಹಾಕಬಹುದು. ನಾಮಿನಿ ಆದವನು ದುಡ್ಡು ಪಡೆಯಬಹುದು, ಅದರ ಒಡೆಯ ಆಗಲ್ಲ. ವಾರಸುದಾರರ ಹಕ್ಕು ಹಾಗೇ ಇರುತ್ತದೆ.

ಪಿಪಿಎಫ್, ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ ಇದ್ದರೆ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದು ತೆರೆಯೋಕೆ ಬರಲ್ಲ. ಬೆಂಗಳೂರು, ಪುಣೆಯಲ್ಲಿ ಕೆಲಸ ಮಾಡಿದವರು ಪಿಎಫ್ ಖಾತೆಗೆ ಆಧಾರ್, ಬ್ಯಾಂಕ್ ಜೋಡಣೆ ಇಲ್ಲಿರುವಾಗಲೇ ಮುಗಿಸಿ. ಹೋಗುವಾಗ ಕಿಸೆಯಲ್ಲಿ ಭಾರತದ ನೋಟು 25,000 ರೂಪಾಯಿಗಿಂತ ಜಾಸ್ತಿ ಇರಬಾರದು. ವಾಪಸ್ ದುಡ್ಡು ಕಳಿಸೋದು ಬ್ಯಾಂಕು ಅಥವಾ ಎಕ್ಸ್‌ಚೇಂಜ್ ಹೌಸ್ ಮೂಲಕವೇ ಇರಲಿ. ಹುಂಡಿಯಲ್ಲಿ, ಅಂದರೆ ಬ್ಯಾಂಕು ಬಿಟ್ಟು ಕೈಯಿಂದ ಕೈಗೆ ದುಡ್ಡು ದಾಟಿಸುವವರ ಹತ್ತಿರ, ಎರಡು ಪೈಸೆ ಜಾಸ್ತಿ ಸಿಗಬಹುದು. ಅದು ಕಾನೂನಿಗೆ ವಿರುದ್ಧ, ಜೊತೆಗೆ ನಾಳೆ ಮನೆ ಕಟ್ಟುವಾಗ ಈ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದರೆ ತೋರಿಸೋಕೆ ಒಂದು ಚೀಟಿಯೂ ಇರಲ್ಲ.

ಓಟಿಪಿ ಅಂದೆನಲ್ಲ. ನಾನು ನೋಡಿದ್ದು ಹೀಗೆ: ಹುಡುಗ ಹೋಗುವಾಗ ತನ್ನ ಸಿಮ್ ತೆಗೆದು ಅಪ್ಪನ ಬಟನ್ ಫೋನಿಗೆ ಹಾಕಿ ಹೋಗುತ್ತಾನೆ. ಅಲ್ಲಿಂದ ದುಡ್ಡು ವರ್ಗ ಮಾಡುವಾಗ ಓಟಿಪಿ ಅಪ್ಪನ ಫೋನಿಗೆ ಬರುತ್ತದೆ. ಅಪ್ಪ ಹೊಲದಲ್ಲಿ, ನೀರು ಕಟ್ಟುತ್ತಿರುತ್ತಾನೆ. ಇಂಗ್ಲಿಷ್ ಮೆಸೇಜು ಓದೋಕೆ ಬರಲ್ಲ. ಪಕ್ಕದ ಹೊಲದ ಹುಡುಗನನ್ನು ಕೂಗಿ ಕರೆದು, ಅವನು ಓದಿ ಹೇಳಿ, ಅಪ್ಪ ಇನ್ನೊಂದು ಫೋನಿನಲ್ಲಿ ಮಗನಿಗೆ ಕೂಗಿ ಹೇಳುವಷ್ಟರಲ್ಲಿ ಸಮಯ ಮೀರಿರುತ್ತದೆ. ಮತ್ತೆ ಮೊದಲಿನಿಂದ. ಕೆಲವು ತಿಂಗಳು ಹೀಗೆ ನಡೆದ ಮೇಲೆ ಆ ಅಪ್ಪನಿಗೆ ಯಾರೇ ಫೋನ್ ಮಾಡಿ ಓಟಿಪಿ ಕೇಳಿದರೂ ಹೇಳುವ ಅಭ್ಯಾಸ ಆಗಿಬಿಟ್ಟಿರುತ್ತದೆ. ಮೋಸ ಮಾಡುವವನಿಗೆ ಬೇಕಾಗಿರೋದೂ ಅದೇ.

ಸಿಮ್ ನಿಮ್ಮ ಜೊತೆಗೇ ಇರಲಿ. ಎರಡು ಸಿಮ್ ಹಾಕುವ ಫೋನು ತಗೊಳ್ಳಿ, ರೋಮಿಂಗ್‌ನಲ್ಲಿ ಮೆಸೇಜ್ ಬರುತ್ತದೋ ಅಂತ ಹೊರಡುವ ಮುಂಚೆ ಕಂಪನಿಯಲ್ಲಿ ಕೇಳಿ, ರೀಚಾರ್ಜ್ ತಪ್ಪಿಸಬೇಡಿ. 90 ದಿನ ಬಳಸದೇ ಬಿಟ್ಟ ಪ್ರೀಪೇಯ್ಡ್ ನಂಬರ್ ನಿಂತು ಹೋಗಬಹುದು, ಆಮೇಲೆ ಬೇರೆ ಯಾರಿಗೋ ಸಿಗಬಹುದು. ಆಧಾರ್, ಬ್ಯಾಂಕು, ಪಿಎಫ್ ಎಲ್ಲಕ್ಕೂ ಅದೇ ನಂಬರ್ ಅನ್ನೋದು ನೆನಪಿರಲಿ. ಯುಎಇ, ಸೌದಿ, ಕತಾರ್, ಓಮನ್ ಸೇರಿ ಕೆಲವು ದೇಶಗಳ ನಂಬರಿನಲ್ಲೇ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗೆ ಯುಪಿಐ ಬಳಸುವ ಅನುಕೂಲವೂ ಈಗ ಇದೆ. ನಿಮ್ಮ ಬ್ಯಾಂಕು ಕೊಡುತ್ತದೋ ಕೇಳಿ ನೋಡಿ.

ಇಷ್ಟು ಹೇಳುವಾಗ ಹಿಂದಿನಿಂದ ಒಬ್ಬರು ಹಿರಿಯರು ಎದ್ದು ಕೇಳಿದರು: "ಹುಡುಗ ಕಳಿಸಿದ ರೊಕ್ಕದಾಗ ಅವನ ಹೆಸರಿಲೆ ಎರಡ ಎಕರೆ ಹೊಲ ತಗೋಬೇಕಂತ ಮಾಡೀವ್ರಿ. ತಗೊಳಾಕ ಬರತೈತಿಲ್ರಿ?"

ಬರಲ್ಲ, ಯಜಮಾನ್ರೇ. ನಮ್ಮ ಕಡೆಯ ಮನೆಗಳಲ್ಲಿ ವಿದೇಶಕ್ಕೆ ಹೋಗುವ ಕಾರಣವೇ ಹೊಲ. ಆದರೆ ಅನಿವಾಸಿ ಆದವನು ಭಾರತದಲ್ಲಿ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆ ತಿದ್ದುಪಡಿ ಆದಮೇಲೆ ಯಾರು ಬೇಕಾದರೂ ಹೊಲ ಕೊಳ್ಳಬಹುದಲ್ಲ ಅಂತಾರೆ. ಅದು ರಾಜ್ಯದ ಕಾನೂನು. ನಾನು ಹೇಳುತ್ತಿರೋದು ಕೇಂದ್ರದ ವಿದೇಶಿ ವಿನಿಮಯ ಕಾನೂನು. ಇದು ಬೇರೆ, ಇದು ಈಗಲೂ ಇದೆ.

ಹೋಗುವ ಮುಂಚೆಯೇ ಅವನ ಹೆಸರಲ್ಲಿದ್ದ ಹೊಲ ಅವನದೇ, ಅದಕ್ಕೆ ತೊಂದರೆ ಇಲ್ಲ. ವಾರಸಾ ಮೂಲಕ ಬರುವ ಹೊಲವೂ ಬರುತ್ತದೆ. ಎನ್.ಎ., ಅಂದರೆ ಕೃಷಿಯೇತರ ಆದ ಪ್ಲಾಟು, ಮನೆ ಕೊಳ್ಳಬಹುದು. ಹೊಲವೇ ಬೇಕು ಅಂದರೆ ಮಗ ಅಪ್ಪನಿಗೆ ದುಡ್ಡು ಕೊಡಬಹುದು, ಮಗ ಕೊಟ್ಟದ್ದಕ್ಕೆ ಅಪ್ಪನಿಗೆ ತೆರಿಗೆ ಇಲ್ಲ, ಅಪ್ಪ ತನ್ನ ಹೆಸರಲ್ಲಿ ಕೊಳ್ಳಬಹುದು. ಆದರೆ ಆಗ ಅದು ನಿಜವಾಗಿಯೂ ಅಪ್ಪನದೇ ಆಗಿರಬೇಕು. ಹೆಸರಿಗೆ ಅಪ್ಪ, ಒಡೆಯ ನಾನು ಅನ್ನೋ ಒಳ ಒಪ್ಪಂದ ಬೇಡ, ಅದಕ್ಕೆ ಬೇನಾಮಿ ಕಾನೂನು ಕೂತಿದೆ. ಮತ್ತೆ ಅಪ್ಪನ ನಂತರ ಅದು ಎಲ್ಲ ಮಕ್ಕಳಿಗೂ ಹೋಗುತ್ತದೆ, ಹೆಣ್ಣುಮಕ್ಕಳೂ ಸೇರಿ. ಮಸ್ಕತ್‌ನಲ್ಲಿ ಬಿಸಿಲಲ್ಲಿ ದುಡಿದವನು ನಾನು, ಭಾಗ ಎಲ್ಲರಿಗೂ ಸಮವಾ ಅಂತ ಆಮೇಲೆ ಜಗಳ. ಅದು ಬೇಡ ಅಂದರೆ ಅಪ್ಪ ಈಗಲೇ ಉಯಿಲು ಬರೆದಿಡಲಿ. ಮನೆಯಲ್ಲಿ ಈ ಮಾತು ಎತ್ತೋದು ಕಷ್ಟ, ಒಪ್ಪುತ್ತೇನೆ. ಆದರೂ ಕೂತು ಮಾತಾಡಿ. ವಾಟ್ನಿ, ಅಂದರೆ ಆಸ್ತಿ ಪಾಲು ಆಗದ ಮನೆಯಾಗಿದ್ದರೆ ಅದನ್ನೂ ಹುಡುಗ ಊರಲ್ಲಿದ್ದಾಗಲೇ ಮಾಡಿ ಮುಗಿಸಿ.

ಮುಖ್ತ್ಯಾರ್ ಪತ್ರ, ಅಂದರೆ ಜಿಪಿಎ ಬಗ್ಗೆ. ಕೊಡಿ, ಆದರೆ ಕೈಬಿಚ್ಚಿ ಕೊಡಬೇಡಿ. ಬಾಂಡ್ ಬರೆಯುವವರ ಹತ್ತಿರ ಹೋದರೆ ಅವರ ಕಂಪ್ಯೂಟರಿನಲ್ಲಿ ಒಂದೇ ಮಾದರಿ ಇರುತ್ತದೆ. ಅದರಲ್ಲಿ ಮಾರುವ, ಅಡವಿಡುವ, ಸಾಲ ತರುವ ಅಧಿಕಾರವೆಲ್ಲ ಸೇರಿರುತ್ತದೆ. ನಿಮಗೆ ಬೇಕಾಗಿರೋದು ಬೆಳೆ ಸಾಲ ನವೀಕರಣ, ಕಬ್ಬಿನ ಬಿಲ್ಲು, ಬೆಳೆ ವಿಮೆ, ಕೋರ್ಟು ಕಚೇರಿ ಅಷ್ಟೇ ಆಗಿದ್ದರೆ ಅಷ್ಟನ್ನೇ ಬರೆಸಿ, ಮಾರುವ ಸಾಲನ್ನು ಹೊಡೆದು ಹಾಕಿಸಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಆಲಮಟ್ಟಿ ಹಿನ್ನೀರಿನ ಊರುಗಳವರು ಜಮೀನು ಸ್ವಾಧೀನ, ಪರಿಹಾರದ ಕೆಲಸಕ್ಕೆ ಅಂತ ಸ್ಪಷ್ಟವಾಗಿ ಬರೆಸಿ. ನೋಟಿಸು ಬಂದಾಗ ಹುಡುಗ ಅಬುಧಾಬಿಯಲ್ಲಿದ್ದರೆ ಕಚೇರಿ ಕಾಯಲ್ಲ.

ಮರೆತು ಹೋದಿರಿ ಅಂದುಕೊಳ್ಳಿ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ಸಹಿ ಮಾಡಿ ಕಳಿಸಬಹುದು. ಅದು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇನ್ನೆರಡು ಮಾತು: ಕೊಟ್ಟವನು ತೀರಿಕೊಂಡರೆ ಆ ಪತ್ರವೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಮತ್ತೆ ಜಿಪಿಎ ಮೇಲೆ ಜಮೀನು ಕೊಂಡೆ ಅಂದರೆ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಆದಾಯ ತೆರಿಗೆಗೆ ಬೇರೆಯೇ ಲೆಕ್ಕ. ಏಪ್ರಿಲ್‌ನಿಂದ ಮಾರ್ಚ್ ಒಳಗೆ 182 ದಿನ ಇಲ್ಲಿದ್ದರೆ ಆ ವರ್ಷ ನೀವು ನಿವಾಸಿ. ಸೆಪ್ಟೆಂಬರ್ ಕೊನೆಯ ವಾರಕ್ಕೆ ಮುಂಚೆ ಹೊರಟವರು ಅದೇ ವರ್ಷ ಅನಿವಾಸಿ ಆಗುತ್ತಾರೆ. ಜನವರಿಯಲ್ಲಿ ಹೋದವರ ಫೆಬ್ರುವರಿ, ಮಾರ್ಚ್ ಸಂಬಳ ಇಲ್ಲಿನ ಲೆಕ್ಕಕ್ಕೂ ಬರುತ್ತದೆ. ಸಣ್ಣ ಸಂಬಳದವರಿಗೆ ಇದು ದೊಡ್ಡ ವಿಷಯ ಅಲ್ಲ. ದೊಡ್ಡ ಕಂಪನಿಗೆ ಹೋಗುವವರು ತಾರೀಖು ನೋಡಿಕೊಳ್ಳಿ.

ಮದುವೆಯಾದವರು ಮದುವೆ ನೋಂದಣಿ ಮಾಡಿಸಿ, ಲಗ್ನಪತ್ರಿಕೆ ಒಂದು ಜೋಪಾನವಾಗಿಡಿ. ಹೆಂಡತಿಗೆ ವೀಸಾ ಮಾಡಿಸುವ ದಿನ ಬರುತ್ತದೆ.

ಕೊನೆಗೆ ಒಬ್ಬ ತಾಯಿ ಕೇಳಿದ ಪ್ರಶ್ನೆ. ಏಜೆಂಟ್ ಮಗನ ಪಾಸ್‌ಪೋರ್ಟ್ ತಗೊಂಡು ಹೋಗಿ ಎರಡು ತಿಂಗಳಾಯಿತು, ದುಡ್ಡು ಪೂರ್ತಿ ಕೊಟ್ಟರೆ ವಾಪಸ್ ಕೊಡ್ತೀನಿ ಅಂತಿದ್ದಾನೆ, ಏನು ಮಾಡಲಿ ಅಂತ. ಅವ್ವಾರ, ಪಾಸ್‌ಪೋರ್ಟ್ ಸರ್ಕಾರದ ಆಸ್ತಿ. ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಏಜೆಂಟನಿಗೂ ಇಲ್ಲ. ಇನ್ನೊಂದು ರೂಪಾಯಿ ಕೊಡಬೇಡಿ. ಇವತ್ತೇ ಅವನ ನೋಂದಣಿ ನಂಬರ್ ಕೇಳಿ, ಕೊಟ್ಟ ದುಡ್ಡಿನ ಫೋನ್‌ಪೇ ದಾಖಲೆ, ಅವನ ವಾಟ್ಸಾಪ್ ಮಾತು ಎಲ್ಲದರ ಪ್ರಿಂಟ್ ತೆಗೆಸಿ, ಮಗನ ಕೈಯಲ್ಲಿ ಒಂದು ಅರ್ಜಿ ಬರೆಸಿ ಪೊಲೀಸ್ ಠಾಣೆಗೆ ಕೊಡಿ, ಸ್ವೀಕೃತಿ ತಗೊಳ್ಳಿ. ಅದೇ ದೂರನ್ನು ಇ-ಮೈಗ್ರೇಟ್‌ನಲ್ಲೂ ಹಾಕಿ. ಅರ್ಜಿ ಬರೆಯೋಕೆ ನಾನು ಇಲ್ಲೇ ಕೂತಿರ್ತೀನಿ, ಕಾರ್ಯಕ್ರಮ ಮುಗಿದ ಮೇಲೆ ಮಗನನ್ನು ಕರೆದುಕೊಂಡು ಬನ್ನಿ. ಪಾಸ್‌ಪೋರ್ಟಿನ ಝೆರಾಕ್ಸ್ ಇದ್ದರೆ ಅದನ್ನೂ ತನ್ನಿ.